ಎರಡು ವಾರ ದಾಟಿದ ಜ್ವರ, ಊದಿದ ಗುಲ್ಮ: ಕಾಲಾ ಅಜಾರ್ ಅಪರೂಪವಾದಷ್ಟೂ ಅದರ ಪತ್ತೆ ಏಕೆ ಕಠಿಣವಾಗುತ್ತಿದೆ?

1992ರಲ್ಲಿ ಭಾರತದಲ್ಲಿ ದಾಖಲಾದ ಕಾಲಾ ಅಜಾರ್ ರೋಗಿಗಳ ಸಂಖ್ಯೆ 77,000ವನ್ನು ದಾಟಿತ್ತು. ಆ ವರ್ಷ ಈ ರೋಗದಿಂದ ಸತ್ತವರು 1,400ಕ್ಕೂ ಹೆಚ್ಚು. ಮೂರು ದಶಕ ಕಳೆದು 2023ಕ್ಕೆ ಬರುವ ಹೊತ್ತಿಗೆ ವರ್ಷದ ಒಟ್ಟು ಪ್ರಕರಣಗಳು ಕೆಲವೇ ನೂರಕ್ಕೆ ಇಳಿದಿದ್ದವು. ಬಿಹಾರ, ಜಾರ್ಖಂಡ್, ಪಶ್ಚಿಮ ಬಂಗಾಳ ಮತ್ತು ಉತ್ತರ ಪ್ರದೇಶದ 54 ಜಿಲ್ಲೆಗಳಲ್ಲಿ ರೋಗ ನೆಲೆಯೂರಿತ್ತು. ಅಲ್ಲಿನ ಪ್ರತಿ ಬ್ಲಾಕಿನಲ್ಲೂ 10,000 ಜನಸಂಖ್ಯೆಗೆ ವರ್ಷಕ್ಕೆ ಒಂದಕ್ಕಿಂತ ಕಡಿಮೆ ಪ್ರಕರಣ ಎಂಬುದು ಸರ್ಕಾರ ಇಟ್ಟುಕೊಂಡ ಗುರಿ. 2010ರಿಂದ ಮುಂದೂಡುತ್ತಲೇ ಬಂದಿದ್ದ ಈ ಗುರಿ ಕೊನೆಗೂ ಕೈಗೆ ಸಿಕ್ಕಿದೆ. ನೆರೆಯ ಬಾಂಗ್ಲಾದೇಶವಂತೂ ಕಾಲಾ ಅಜಾರನ್ನು ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಉಳಿಯದಂತೆ ಮಾಡಿದ ಮೊದಲ ದೇಶವೆಂದು 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ ಪಡೆಯಿತು.

ಇದು ಸಣ್ಣ ಸಾಧನೆಯಲ್ಲ. ಆದರೆ ಈ ಯಶಸ್ಸಿನ ಬೆನ್ನಿಗೇ ಒಂದು ತೊಡಕು ಬಂದಿದೆ, ಮತ್ತು ಅದರ ಬಗ್ಗೆ ಆಗಬೇಕಾದಷ್ಟು ಚರ್ಚೆ ಆಗುತ್ತಿಲ್ಲ. ರೋಗ ಸಾಮಾನ್ಯವಾಗಿದ್ದ ಕಾಲದಲ್ಲಿ ಆ ಪ್ರದೇಶದ ವೈದ್ಯರು ರೋಗಿಯ ಮುಖ ಮತ್ತು ಹೊಟ್ಟೆ ನೋಡಿಯೇ ಅನುಮಾನಿಸುತ್ತಿದ್ದರು. ಈಗ ವೃತ್ತಿಗೆ ಬರುತ್ತಿರುವ ವೈದ್ಯರಲ್ಲಿ ಹಲವರು ಒಬ್ಬ ರೋಗಿಯನ್ನೂ ಕಂಡವರಲ್ಲ. ಅಷ್ಟೇ ಅಲ್ಲ, ರೋಗ ಹೆಚ್ಚಿದ್ದಾಗ ನೆಚ್ಚಬಹುದಾಗಿದ್ದ ರಕ್ತಪರೀಕ್ಷೆಯ ಫಲಿತಾಂಶಕ್ಕೆ ರೋಗ ಕಡಿಮೆಯಾದಾಗ ಅದೇ ಅರ್ಥ ಉಳಿಯುವುದಿಲ್ಲ. ಚಿಕಿತ್ಸೆ ಬಹಳ ಸುಲಭವಾಗಿದೆ. ಲೈಪೋಸೋಮಲ್ ಆಂಫೊಟೆರಿಸಿನ್ ಬಿ ಔಷಧಿಯನ್ನು ಒಂದೇ ಸಲ ಡ್ರಿಪ್ ಮೂಲಕ ಕೊಡುವ ಕ್ರಮ ಭಾರತದಲ್ಲಿ 2014ರಿಂದ ಜಾರಿಯಲ್ಲಿದೆ. ಒಂದು ದಿನದಲ್ಲಿ ಮುಗಿಯುವ ಚಿಕಿತ್ಸೆಯ ಬಾಗಿಲಿಗೆ ಬಂದು ತಲುಪಲು ರೋಗಿಗೆ ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ ಎಂಬುದೇ ಇವತ್ತಿನ ಸಮಸ್ಯೆ.

ಈ ರೋಗದ ವೈಜ್ಞಾನಿಕ ಹೆಸರು ವಿಸರಲ್ ಲೀಷ್ಮೇನಿಯಾಸಿಸ್, ಅಂದರೆ ಒಳಾಂಗಗಳನ್ನು ಹಿಡಿಯುವ ಲೀಷ್ಮೇನಿಯಾ ರೋಗ. ಕಾರಣ ಲೀಷ್ಮೇನಿಯಾ ಎಂಬ ಏಕಕೋಶ ಪರಾವಲಂಬಿ. ಭಾರತ ಉಪಖಂಡ ಮತ್ತು ಪೂರ್ವ ಆಫ್ರಿಕಾದಲ್ಲಿ ಇದರ ಡೊನೊವಾನಿ ಪ್ರಭೇದ, ಮೆಡಿಟರೇನಿಯನ್ ಸಮುದ್ರದ ಸುತ್ತಲ ನಾಡುಗಳಲ್ಲಿ ಹಾಗೂ ಬ್ರೆಜಿಲ್ ಸೇರಿದಂತೆ ಲ್ಯಾಟಿನ್ ಅಮೆರಿಕದಲ್ಲಿ ಇನ್‌ಫ್ಯಾಂಟಮ್ ಪ್ರಭೇದ ರೋಗ ತರುತ್ತವೆ. ಹರಡುವುದು ಮರಳು ನೊಣ. ಹೆಸರಿನಲ್ಲಿ ನೊಣವೆಂದಿದ್ದರೂ ಗಾತ್ರದಲ್ಲಿ ಇದು ಸೊಳ್ಳೆಗಿಂತ ಚಿಕ್ಕದು, ಹಾರುವಾಗ ಸದ್ದಿಲ್ಲ, ಮಣ್ಣಿನ ಗೋಡೆಯ ಬಿರುಕು ಮತ್ತು ದನದ ಕೊಟ್ಟಿಗೆಯ ತೇವ ಇದಕ್ಕೆ ಪ್ರಿಯವಾದ ತಾಣಗಳು. ಕಚ್ಚಿದಾಗ ಚರ್ಮದೊಳಗೆ ಸೇರಿದ ಪರಾವಲಂಬಿಯನ್ನು ನುಂಗಿ ಕೊಲ್ಲಬೇಕಾದ ಮ್ಯಾಕ್ರೊಫೇಜ್ ಕೋಶದ ಒಳಗೇ ಅದು ಮನೆ ಮಾಡಿಕೊಂಡು ದ್ವಿಗುಣಗೊಳ್ಳುತ್ತದೆ. ಈ ಜಾತಿಯ ಕೋಶಗಳು ಎಲ್ಲೆಲ್ಲಿ ದಟ್ಟವಾಗಿವೆಯೋ ಅಲ್ಲೆಲ್ಲ, ಎಂದರೆ ಗುಲ್ಮ (ಸ್ಪ್ಲೀನ್), ಯಕೃತ್ತು ಮತ್ತು ಅಸ್ಥಿಮಜ್ಜೆಯಲ್ಲಿ, ಸೋಂಕು ತುಂಬಿಕೊಳ್ಳುತ್ತದೆ. ಸೋಂಕು ತಗುಲಿದವರಲ್ಲಿ ಹೆಚ್ಚಿನವರಿಗೆ ಯಾವ ತೊಂದರೆಯೂ ಕಾಣಿಸಿಕೊಳ್ಳದೆ ಹೋಗಬಹುದೆಂಬ ಮಾತನ್ನು ಇಲ್ಲಿಯೇ ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಪರೀಕ್ಷೆಯ ಕಗ್ಗಂಟೆಲ್ಲ ಹುಟ್ಟುವುದು ಇಲ್ಲಿಂದ.

ಕಚ್ಚಿಸಿಕೊಂಡು ಸಾಮಾನ್ಯವಾಗಿ ಎರಡರಿಂದ ಎಂಟು ತಿಂಗಳ ನಂತರ ಜ್ವರ ಶುರುವಾಗುತ್ತದೆ. ಅಷ್ಟರಲ್ಲಿ ಕೆಲಸ ಅರಸಿ ರೋಗಿ ಬೇರೆ ರಾಜ್ಯಕ್ಕೋ ನಗರಕ್ಕೋ ಹೋಗಿರುವುದುಂಟು. ಈ ಜ್ವರಕ್ಕೆ ಒಂದು ನಿಯತ ಲಯವಿರುವುದಿಲ್ಲ. ದಿನಕ್ಕೆ ಎರಡು ಸಲ ಏರಿಳಿಯುವುದು ಇದರ ಗುರುತೆಂದು ಹಳೆಯ ಪಠ್ಯಗಳು ಹೇಳುತ್ತವೆ, ಆದರೆ ನಾಲ್ಕು ಗಂಟೆಗೊಮ್ಮೆ ಉಷ್ಣತೆ ಅಳೆಯದಿದ್ದರೆ ಅದು ಕಣ್ಣಿಗೆ ಬೀಳುವುದಿಲ್ಲ. ಎಲ್ಲ ರೋಗಿಗಳಲ್ಲಿ ಇರುವುದೂ ಇಲ್ಲ. ಹೆಚ್ಚು ಉಪಯುಕ್ತವಾದ ಸುಳಿವು ಬೇರೊಂದಿದೆ. ವಿಷಮಶೀತ ಜ್ವರದ ರೋಗಿ ಹಾಸಿಗೆ ಹಿಡಿದು ಮಂಕಾಗಿರುತ್ತಾರೆ. ಕಾಲಾ ಅಜಾರ್ ರೋಗಿ ಅಷ್ಟೇ ಜ್ವರವಿಟ್ಟುಕೊಂಡು ಓಡಾಡುತ್ತಿರುತ್ತಾರೆ, ನಾಲಗೆ ಶುಭ್ರವಾಗಿರುತ್ತದೆ, ಆರಂಭದಲ್ಲಿ ಊಟವೂ ಸೇರುತ್ತದೆ. ಹೀಗಿದ್ದರೂ ಮೈ ಇಳಿಯುತ್ತಾ ಹೋಗುತ್ತದೆ. ಜ್ವರದ ತೀವ್ರತೆಗೂ ರೋಗಿಯ ಚಟುವಟಿಕೆಗೂ ಇರುವ ಈ ಹೊಂದಾಣಿಕೆಯಿಲ್ಲದ ಸ್ಥಿತಿಯೇ ರೋಗ ನಿರ್ಲಕ್ಷ್ಯಕ್ಕೊಳಗಾಗಲು ಒಂದು ಕಾರಣವೆಂದು ನನಗನಿಸುತ್ತದೆ: ಓಡಾಡುವವರನ್ನು ಯಾರೂ ಗಂಭೀರ ರೋಗಿಯೆಂದು ಭಾವಿಸುವುದಿಲ್ಲ.

ಕೆಲವು ವಾರಗಳಲ್ಲಿ ಗುಲ್ಮ ಊದತೊಡಗುತ್ತದೆ. ಎಡಪಕ್ಕೆಯ ಅಡಿಯಲ್ಲಿ ಅಡಗಿರುವ, ಸಾಮಾನ್ಯವಾಗಿ ಕೈಗೆ ಸಿಗದ ಈ ಅಂಗ ಪಕ್ಕೆಲುಬನ್ನು ದಾಟಿ, ತಿಂಗಳುಗಳು ಉರುಳಿದಂತೆ ಹೊಕ್ಕಳನ್ನೂ ಮೀರಿ ಬೆಳೆಯಬಹುದು. ಇದನ್ನು ಮುಟ್ಟಿ ನೋಡುವ ವಿಧಾನದಲ್ಲೇ ಒಂದು ಸೂಕ್ಷ್ಮವಿದೆ. ರೋಗಿಯನ್ನು ಅಂಗಾತ ಮಲಗಿಸಿ, ಮಂಡಿ ಮಡಚಿಸಿ, ವೈದ್ಯರು ಬೆರಳುಗಳನ್ನು ಮೊದಲು ಹೊಟ್ಟೆಯ ಬಲಭಾಗದ ಕೆಳಮೂಲೆಯಲ್ಲಿಟ್ಟು, ರೋಗಿ ಉಸಿರು ಎಳೆದುಕೊಂಡಾಗಲೆಲ್ಲ ಸ್ವಲ್ಪ ಸ್ವಲ್ಪವೇ ಮೇಲಕ್ಕೆ, ಎಡಪಕ್ಕೆಯ ಕಡೆಗೆ ಸರಿಯಬೇಕು. ಅವಸರದಲ್ಲಿ ನೇರ ಎಡಪಕ್ಕೆಯ ಅಂಚಿಗೇ ಕೈ ಹಾಕಿದರೆ ಬೆರಳು ಊದಿದ ಗುಲ್ಮದ ಮೇಲೆಯೇ ಕೂತಿರುತ್ತದೆ, ಅದರ ಕೆಳ ಅಂಚು ಎಷ್ಟೋ ಕೆಳಗಿರುತ್ತದೆ. ಹೊಟ್ಟೆ ಸ್ವಲ್ಪ ಬಿಗಿಯಾಗಿದೆ ಎಂದಷ್ಟೇ ಬರೆದುಕೊಂಡು ಮುಂದೆ ಹೋಗುವ ಸಂಭವವಿದೆ. ದೊಡ್ಡ ಗುಲ್ಮವೇ ತಪ್ಪಿಹೋಗುವುದು ಹೀಗೆ. ಅಂಚು ಸಿಕ್ಕ ಮೇಲೆ ಪಕ್ಕೆಲುಬಿನ ಅಂಚಿನಿಂದ ಗುಲ್ಮದ ತುದಿಯವರೆಗಿನ ಅಂತರವನ್ನು ಟೇಪಿನಿಂದ ಸೆಂಟಿಮೀಟರಿನಲ್ಲಿ ಅಳೆದು ಬರೆದಿಡಬೇಕು. ಈ ಅಳತೆಯ ಉಪಯೋಗ ಚಿಕಿತ್ಸೆಯ ನಂತರ ತಿಳಿಯುತ್ತದೆ.

ಯಕೃತ್ತೂ ದೊಡ್ಡದಾಗುತ್ತದೆ, ಆದರೆ ಗುಲ್ಮದಷ್ಟಲ್ಲ. ಸುಡಾನಿನ ರೋಗಿಗಳಲ್ಲಿ ದುಗ್ಧಗ್ರಂಥಿಗಳು ಊದುವುದು ಸಾಮಾನ್ಯ, ಭಾರತದಲ್ಲಿ ವಿರಳ. ಅಸ್ಥಿಮಜ್ಜೆಯನ್ನು ಸೋಂಕು ಆಕ್ರಮಿಸುವುದರಿಂದ ಮತ್ತು ಊದಿದ ಗುಲ್ಮ ರಕ್ತಕಣಗಳನ್ನು ಹಿಡಿದಿಟ್ಟು ನಾಶ ಮಾಡುವುದರಿಂದ ಕೆಂಪುಕಣ, ಬಿಳಿಕಣ, ಪ್ಲೇಟ್‌ಲೆಟ್ ಮೂರೂ ಕುಸಿಯುತ್ತವೆ. ಕೆಂಪುಕಣ ಕುಸಿದಾಗ ಬಿಳಿಚಿಕೊಂಡು ಆಯಾಸ, ಪ್ಲೇಟ್‌ಲೆಟ್ ಕುಸಿದಾಗ ಮೂಗು ಮತ್ತು ಒಸಡಿನಿಂದ ರಕ್ತ, ಬಿಳಿಕಣ ಕುಸಿದಾಗ ನ್ಯುಮೋನಿಯಾ, ಕ್ಷಯ, ಭೇದಿ. ಚಿಕಿತ್ಸೆ ದೊರೆಯದಿದ್ದರೆ ಶೇ 95ಕ್ಕೂ ಹೆಚ್ಚು ಮಂದಿ ಸಾಯುತ್ತಾರೆ, ಮತ್ತು ಬಹುತೇಕ ಸಂದರ್ಭಗಳಲ್ಲಿ ಸಾವು ಬರುವುದು ಇಂಥ ಮತ್ತೊಂದು ಸೋಂಕಿನ ಅಥವಾ ರಕ್ತಸ್ರಾವದ ರೂಪದಲ್ಲಿ. ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನು ಕಡಿಮೆಯಾಗಿ ಗ್ಲೋಬ್ಯುಲಿನ್ ಎಂಬ ಇನ್ನೊಂದು ಪ್ರೋಟೀನು ವಿಪರೀತ ಏರುತ್ತದೆ. ಕಾಲು ಬಾತುಕೊಳ್ಳುವುದು ತಡವಾಗಿ ಬಂದ ರೋಗಿಗಳಲ್ಲಿ. ಮುಖ, ಕೈಕಾಲು ಮತ್ತು ಹೊಟ್ಟೆಯ ಚರ್ಮ ಕಪ್ಪಾಗುವುದರಿಂದಲೇ ಕಾಲಾ ಅಜಾರ್ ಎಂಬ ಹೆಸರು ಬಂತೆನ್ನುತ್ತಾರೆ. ರೋಗ ಬೇಗ ಪತ್ತೆಯಾಗುವ ಕಡೆಗಳಲ್ಲಿ ಈ ಕಪ್ಪು ಬಣ್ಣ ಈಗ ಅಪರೂಪ. ಹೆಸರನ್ನೇ ಲಕ್ಷಣವೆಂದು ನಂಬಿ ಕಾಯುವ ವೈದ್ಯರಿಗೆ ರೋಗ ಸಿಗುವುದಿಲ್ಲ.

ಒಂದೊಂದಾಗಿ ನೋಡಿದರೆ ಮೇಲಿನ ಯಾವ ಲಕ್ಷಣವೂ ಈ ರೋಗದ ಸ್ವತ್ತಲ್ಲ. ದೀರ್ಘಕಾಲದ ಮಲೇರಿಯಾದಲ್ಲಿ ಗುಲ್ಮ ಊದುತ್ತದೆ. ಮೈಯೆಲ್ಲ ಹರಡಿದ ಕ್ಷಯದಲ್ಲಿ ಜ್ವರವೂ ತೂಕ ಇಳಿಕೆಯೂ ಇರುತ್ತವೆ. ಬ್ರುಸೆಲ್ಲೋಸಿಸ್, ವಿಷಮಶೀತ ಜ್ವರ, ಯಕೃತ್ತಿನ ಸಿರೋಸಿಸ್, ಲಿಂಫೋಮಾ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರ್, ರಕ್ತದ ಕ್ಯಾನ್ಸರ್ ಎಲ್ಲವೂ ಈ ಚಿತ್ರದ ಒಂದಿಲ್ಲೊಂದು ಭಾಗವನ್ನು ತೋರಿಸುತ್ತವೆ. ರೋಗ ನೆಲೆಯಿಲ್ಲದ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಜ್ವರ, ದೊಡ್ಡ ಗುಲ್ಮ ಮತ್ತು ಮೂರೂ ಬಗೆಯ ರಕ್ತಕಣಗಳ ಕುಸಿತ ಒಟ್ಟಿಗೆ ಕಂಡರೆ ವೈದ್ಯರ ಮನಸ್ಸು ಮೊದಲು ಹರಿಯುವುದು ಕ್ಯಾನ್ಸರಿನ ಕಡೆಗೆ. ಮಲೇರಿಯಾ ಮತ್ತು ಕಾಲಾ ಅಜಾರ್ ಎರಡೂ ಇರುವ ಪ್ರದೇಶದಲ್ಲಿ ಇನ್ನೊಂದು ಬಲೆಯಿದೆ: ರಕ್ತಲೇಪದಲ್ಲಿ ಮಲೇರಿಯಾ ಕಂಡ ಕೂಡಲೇ ಹುಡುಕಾಟ ನಿಂತುಬಿಡುತ್ತದೆ. ಎರಡು ರೋಗ ಒಬ್ಬರಲ್ಲೇ ಇರಬಾರದೆಂಬ ನಿಯಮವಿಲ್ಲ. ಮಲೇರಿಯಾಕ್ಕೆ ಸರಿಯಾದ ಔಷಧಿ ಕೊಟ್ಟ ಮೇಲೂ ಜ್ವರ ಮುಂದುವರಿದರೆ ಪ್ರಶ್ನೆಯನ್ನು ಮತ್ತೆ ತೆರೆಯಬೇಕು.

ಈ ಗೊಂದಲಕ್ಕೆ ದೊಡ್ಡವರೂ ಹೊರತಾಗಿರಲಿಲ್ಲ. ಮಲೇರಿಯಾ ಸಂಶೋಧನೆಗೆ ನೊಬೆಲ್ ಪಡೆದ ರೊನಾಲ್ಡ್ ರಾಸ್ ಕೂಡ ಮೊದಲು ಅಸ್ಸಾಮಿನ ಕಾಲಾ ಅಜಾರನ್ನು ಮಲೇರಿಯಾದ ಲೆಕ್ಕಕ್ಕೇ ಸೇರಿಸಿದ್ದರು. ಕಲ್ಕತ್ತಾ ಬಳಿಯ ಡಮ್‌ಡಮ್‌ನಲ್ಲಿದ್ದು ಹಿಂದಿರುಗಿ ಇಂಗ್ಲೆಂಡಿನಲ್ಲಿ ಸತ್ತ ಸೈನಿಕನೊಬ್ಬನ ಗುಲ್ಮದಲ್ಲಿ ಬ್ರಿಟಿಷ್ ಸೇನಾವೈದ್ಯ ವಿಲಿಯಂ ಲೀಷ್‌ಮನ್ 1900ರಲ್ಲಿ ಕಂಡ ವಿಚಿತ್ರ ಕಣಗಳನ್ನು 1903ರಲ್ಲಿ ಪ್ರಕಟಿಸಿದರು. ಅದೇ ವರ್ಷ ಮದ್ರಾಸಿನಲ್ಲಿ ವೈದ್ಯ ಚಾರ್ಲ್ಸ್ ಡೊನೊವನ್ ಅದನ್ನೇ ಕಂಡರು. ಹೊಸ ಜೀವಿಗೆ ಇಬ್ಬರ ಹೆಸರನ್ನೂ ಜೋಡಿಸಿ ಲೀಷ್ಮೇನಿಯಾ ಡೊನೊವಾನಿ ಎಂದು ನಾಮಕರಣ ಮಾಡಿದವರು ಅದೇ ರಾಸ್.

ಪರಾವಲಂಬಿಯನ್ನು ಕಣ್ಣಾರೆ ಕಾಣುವುದೇ ಇಂದಿಗೂ ಅತಿ ಖಚಿತವಾದ ಪುರಾವೆ. ಜೀಮ್ಸಾ ಬಣ್ಣ ಹಾಕಿದ ಲೇಪದಲ್ಲಿ, ಮ್ಯಾಕ್ರೊಫೇಜ್ ಕೋಶದ ಒಳಗೆ ಅಥವಾ ಒಡೆದ ಕೋಶದ ಸುತ್ತ, ಎರಡರಿಂದ ನಾಲ್ಕು ಮೈಕ್ರೊಮೀಟರಿನ ದುಂಡು ಕಾಯಗಳು ಕಾಣಿಸುತ್ತವೆ. ದುಂಡಗಿದ್ದರಷ್ಟೇ ಸಾಲದು. ಒಳಗೆ ಒಂದು ದೊಡ್ಡ ಕೋಶಕೇಂದ್ರ, ಅದರ ಪಕ್ಕದಲ್ಲಿ ಇನ್ನೂ ಗಾಢವಾದ, ಪುಟ್ಟ ಕಡ್ಡಿಯಂಥ ಕೈನೆಟೊಪ್ಲಾಸ್ಟ್ ಎರಡೂ ಕಾಣಬೇಕು. ಇಲ್ಲದಿದ್ದರೆ ಪ್ಲೇಟ್‌ಲೆಟ್ಟನ್ನೋ ಬಣ್ಣದ ಕಣವನ್ನೋ ಪರಾವಲಂಬಿಯೆಂದು ಎಣಿಸಿಬಿಡುವ ಅಪಾಯವಿದೆ. ಎಲ್ಲಿಂದ ಮಾದರಿ ತೆಗೆದರು ಎಂಬುದರ ಮೇಲೆ ಫಲಿತಾಂಶ ನಿಂತಿದೆ. ಗುಲ್ಮದಿಂದ ತೆಗೆದ ಮಾದರಿಯಲ್ಲಿ ಶೇ 93ರಿಂದ 99ರಷ್ಟು ರೋಗಿಗಳಲ್ಲಿ ಪರಾವಲಂಬಿ ಸಿಗುತ್ತದೆ. ಅಸ್ಥಿಮಜ್ಜೆಯಲ್ಲಿ ಈ ಪ್ರಮಾಣ ಶೇ 53ರಿಂದ 86, ದುಗ್ಧಗ್ರಂಥಿಯಲ್ಲಿ ಶೇ 53ರಿಂದ 65.

ಹಾಗಿದ್ದರೆ ಎಲ್ಲರಿಗೂ ಗುಲ್ಮದ ಮಾದರಿಯನ್ನೇ ಏಕೆ ತೆಗೆಯಬಾರದು? ಗುಲ್ಮ ರಕ್ತ ತುಂಬಿದ ಮೆತ್ತನೆಯ ಅಂಗ. ಸೂಜಿಯ ತೂತಿನಿಂದ ಹೊಟ್ಟೆಯೊಳಗೆ ರಕ್ತ ಸುರಿಯತೊಡಗಿದರೆ ಪ್ರಾಣಕ್ಕೆ ಸಂಚಕಾರ. ಅನುಭವಿಗಳ ಕೈಯಲ್ಲಿ ಇದು ಸಾವಿರಕ್ಕೊಂದರಂಥ ವಿರಳ ಘಟನೆ, ನಿಜ. ಆದರೆ ಆ ಕೈ ಬೇಕಲ್ಲ. ಪ್ಲೇಟ್‌ಲೆಟ್ ಮೈಕ್ರೊಲೀಟರಿಗೆ 40,000ಕ್ಕಿಂತ ಕಡಿಮೆಯಿದ್ದರೆ, ರಕ್ತ ಹೆಪ್ಪುಗಟ್ಟುವ ಸಮಯ ನಿಗದಿಗಿಂತ ಐದು ಸೆಕೆಂಡು ಹೆಚ್ಚಿದ್ದರೆ ಮಾಡಕೂಡದು. ಸೂಜಿ ಗುಲ್ಮದೊಳಗೆ ಇರಬೇಕಾದದ್ದು ಒಂದು ಸೆಕೆಂಡಿಗೂ ಕಡಿಮೆ ಕಾಲ. ಆ ಕ್ಷಣ ರೋಗಿ ಉಸಿರು ಹಿಡಿದಿರಬೇಕು, ಆನಂತರ ಗಂಟೆಗಟ್ಟಲೆ ಅಲುಗದೆ ಮಲಗಿರಬೇಕು, ನಾಡಿ ಮತ್ತು ರಕ್ತದೊತ್ತಡವನ್ನು ಯಾರಾದರೂ ಬಿಡದೆ ನೋಡುತ್ತಿರಬೇಕು. ರಕ್ತ ಕೊಡುವ ವ್ಯವಸ್ಥೆಯೂ ಶಸ್ತ್ರಚಿಕಿತ್ಸಕರೂ ಇಲ್ಲದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದು ಆಗುವ ಕೆಲಸವಲ್ಲ. ಹಾಗಾಗಿ ಅಲ್ಲಿ ಅಸ್ಥಿಮಜ್ಜೆಯೂ ಅಲ್ಲ, ಗುಲ್ಮವೂ ಅಲ್ಲ, ಬೆರಳ ತುದಿಯ ರಕ್ತವೇ ಗತಿ.

ಬೆರಳ ರಕ್ತದ ಪರೀಕ್ಷೆಗೆ ಒಂದು ಪೂರ್ವಜನಿದ್ದಾನೆ. 1920ರ ದಶಕದಿಂದ ದಶಕಗಳ ಕಾಲ ಬಳಕೆಯಲ್ಲಿದ್ದ ಆಲ್ಡಿಹೈಡ್ ಪರೀಕ್ಷೆಯಲ್ಲಿ ರೋಗಿಯ ಸೀರಮ್ಮಿಗೆ, ಅಂದರೆ ರಕ್ತದಿಂದ ಬೇರ್ಪಡುವ ತಿಳಿದ್ರವಕ್ಕೆ, ಒಂದೆರಡು ತೊಟ್ಟು ಫಾರ್ಮಲಿನ್ ಬಿಡುತ್ತಿದ್ದರು. ಗ್ಲೋಬ್ಯುಲಿನ್ ಹೆಚ್ಚಿದ್ದರೆ ಅದು ಬೇಯಿಸಿದ ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗುತ್ತಿತ್ತು. ಆದರೆ ರೋಗಕ್ಕೆ ಸುಮಾರು ಮೂರು ತಿಂಗಳು ತುಂಬುವ ತನಕ ಅದು ಗಟ್ಟಿಯಾಗುತ್ತಿರಲಿಲ್ಲ. ಇದನ್ನು ಬದಿಗೆ ಸರಿಸಿದ್ದು ಆರ್‌ಕೆ39 ಪಟ್ಟಿ. ಪರಾವಲಂಬಿಯ ಒಂದು ಪ್ರೋಟೀನಿನಲ್ಲಿ ಮತ್ತೆ ಮತ್ತೆ ಬರುವ 39 ಅಮೈನೊ ಆಮ್ಲಗಳ ತುಣುಕೇ ಇದರ ಪ್ರತಿಜನಕ, ಅಂದರೆ ಸೋಂಕಿನ ವಿರುದ್ಧ ದೇಹ ಹುಟ್ಟಿಸುವ ಪ್ರತಿಕಾಯಗಳು ಅಂಟಿಕೊಳ್ಳುವ ಗುರಿ. ರಕ್ತದ ತೊಟ್ಟನ್ನು ಕಾಗದದ ಪಟ್ಟಿಗೆ ತಾಗಿಸಿ, ದ್ರಾವಣದಲ್ಲಿ ನಿಲ್ಲಿಸಿದರೆ, ರಕ್ತದಲ್ಲಿ ತಕ್ಕ ಪ್ರತಿಕಾಯಗಳಿದ್ದ ಪಕ್ಷದಲ್ಲಿ ನಿಮಿಷಗಳಲ್ಲಿ ಎರಡು ಗೆರೆ ಮೂಡುತ್ತವೆ. ಮೇಲಿನ ನಿಯಂತ್ರಣ ಗೆರೆ ಮೂಡದಿದ್ದರೆ ಪಟ್ಟಿ ಕೆಟ್ಟಿದೆಯೆಂದರ್ಥ. ಕೆಳಗಿನ ಗೆರೆ ಮಸುಕಾಗಿದ್ದರೂ ಅದು ಪಾಸಿಟಿವ್ ಎಂದೇ ಓದಬೇಕು. ಫ್ರಿಜ್ ಬೇಡ, ಸೂಕ್ಷ್ಮದರ್ಶಕ ಬೇಡ. ಭಾರತ ಉಪಖಂಡದಲ್ಲಿ ಇದರ ಸಂವೇದನೆ ಶೇ 97ರ ಆಸುಪಾಸು, ಅಂದರೆ 100 ರೋಗಿಗಳಲ್ಲಿ 97 ಮಂದಿಯನ್ನು ಹಿಡಿಯುತ್ತದೆ. ಉಪಖಂಡದಲ್ಲಿ ಕಾಲಾ ಅಜಾರ್ ಇಷ್ಟು ತಗ್ಗಿದ್ದರಲ್ಲಿ ಈ ಪಟ್ಟಿಯ ಪಾಲು ಔಷಧಿಯ ಪಾಲಿಗಿಂತ ಕಡಿಮೆಯಲ್ಲ ಎಂಬುದು ನನ್ನ ಅಭಿಪ್ರಾಯ.

ಆದರೆ ಪಟ್ಟಿ ಹೇಳುವುದು ಪ್ರತಿಕಾಯವಿದೆ ಎಂದಷ್ಟೇ, ರೋಗವಿದೆ ಎಂದಲ್ಲ. ಲಕ್ಷಣವೇ ಇಲ್ಲದೆ ಸೋಂಕನ್ನು ಗೆದ್ದವರ ರಕ್ತದಲ್ಲೂ ಪ್ರತಿಕಾಯ ಇರಬಹುದು. ವರ್ಷಗಳ ಹಿಂದೆ ಗುಣಮುಖರಾದವರಲ್ಲೂ ಇರುತ್ತದೆ. ಈ ಕಾರಣಕ್ಕೇ ಎರಡು ವಾರ ಮೀರಿದ ಜ್ವರ ಮತ್ತು ಊದಿದ ಗುಲ್ಮ ಇದ್ದವರಿಗೆ ಮಾತ್ರ ಪಟ್ಟಿ ಬಳಸಬೇಕೆಂಬ ನಿಯಮವಿದೆ. ಆ ನಿಯಮ ಪಾಲಿಸಿದ ಮೇಲೂ ಉಳಿಯುವ ತೊಡಕನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಜ್ವರವೂ ಊದಿದ ಗುಲ್ಮವೂ ಇರುವ 1,000 ಜನರನ್ನು ಊಹಿಸಿಕೊಳ್ಳೋಣ. ಪಟ್ಟಿ ನಿಜವಾದ ರೋಗಿಗಳಲ್ಲಿ ಶೇ 97ರಷ್ಟು ಮಂದಿಯನ್ನು ಹಿಡಿಯುತ್ತದೆ, ರೋಗವಿಲ್ಲದವರಲ್ಲಿ ಶೇ 10ರಷ್ಟು ಮಂದಿಗೆ ಸುಳ್ಳು ಗೆರೆ ತೋರಿಸುತ್ತದೆ ಎಂದಿಟ್ಟುಕೊಳ್ಳೋಣ. ರೋಗ ಉಲ್ಬಣಿಸಿದ್ದ ಕಾಲದಲ್ಲಿ ಅವರಲ್ಲಿ 400 ಮಂದಿಗೆ ಕಾಲಾ ಅಜಾರ್ ಇದ್ದರೆ, 388 ಮಂದಿಗೆ ನಿಜವಾದ ಗೆರೆ, ಉಳಿದ 600ರಲ್ಲಿ 60 ಮಂದಿಗೆ ಸುಳ್ಳು ಗೆರೆ. ಗೆರೆ ಕಂಡ 448 ಜನರಲ್ಲಿ ಶೇ 87ರಷ್ಟು ಮಂದಿ ನಿಜವಾದ ರೋಗಿಗಳು. ಚಿಕಿತ್ಸೆ ಆರಂಭಿಸಲು ಯಾವ ಹಿಂಜರಿಕೆಯೂ ಬೇಡ. ಈಗ ರೋಗ ಇಳಿದು, ಅದೇ 1,000ರಲ್ಲಿ 20 ಮಂದಿಗೆ ಮಾತ್ರ ಕಾಲಾ ಅಜಾರ್ ಇದೆಯೆಂದುಕೊಂಡರೆ, ನಿಜವಾದ ಗೆರೆ 19, ಸುಳ್ಳು ಗೆರೆ 98. ಎರಡು ಗೆರೆ ಕಂಡ ಪ್ರತಿ ಆರು ಜನರಲ್ಲಿ ಒಬ್ಬರಿಗಷ್ಟೇ ರೋಗ. ಪಟ್ಟಿ ಬದಲಾಗಿಲ್ಲ, ಕೈ ಬದಲಾಗಿಲ್ಲ, ಊರು ಬದಲಾಗಿದೆ. ಉಳಿದ ಐವರ ಕ್ಷಯವೋ ಲಿಂಫೋಮಾವೋ ಕಾಲಾ ಅಜಾರಿನ ಹೆಸರಿನಲ್ಲಿ ಮರೆಯಾಗಿ, ತಪ್ಪು ಔಷಧಿಯ ನಂತರವೂ ಬೆಳೆಯುತ್ತಿರುತ್ತದೆ.

ಹಾಗಾಗಿ ರೋಗ ವಿರಳವಾದ ಕಡೆಗಳಲ್ಲಿ ಪಟ್ಟಿಯ ಗೆರೆಗೆ ಎರಡನೆಯ ಸಾಕ್ಷಿ ಬೇಕಾಗುತ್ತದೆ: ಅಸ್ಥಿಮಜ್ಜೆಯ ಲೇಪ, ಅಥವಾ ಪರಾವಲಂಬಿಯ ಡಿಎನ್‌ಎ ಹುಡುಕುವ ಪಿಸಿಆರ್, ಅಥವಾ ಒಂದೇ ಉಷ್ಣತೆಯಲ್ಲಿ ನಡೆಯುವ ಸರಳವಾದ ಲ್ಯಾಂಪ್ ಪರೀಕ್ಷೆ. ಡಿಎನ್‌ಎ ಪರೀಕ್ಷೆಗಳೂ ಲಕ್ಷಣವಿಲ್ಲದ ಸೋಂಕನ್ನು ಹಿಡಿಯಬಲ್ಲವಾದ್ದರಿಂದ ಅವುಗಳನ್ನೂ ರೋಗಿಯ ಹೊಟ್ಟೆಯೊಡನೆ ಸೇರಿಸಿಯೇ ಓದಬೇಕು. ವ್ಯಂಗ್ಯವೆಂದರೆ ಗುಲ್ಮಕ್ಕೆ ಸೂಜಿ ಹಾಕುವ, ಲೇಪವನ್ನು ತಾಳ್ಮೆಯಿಂದ ಓದುವ ಪರಿಣತರು ಹೆಚ್ಚು ಬೇಕಾದ ಈ ಕಾಲದಲ್ಲೇ ಅವರು ನಿವೃತ್ತರಾಗುತ್ತಿದ್ದಾರೆ. ಹೊಸಬರಿಗೆ ಕಲಿಯಲು ರೋಗಿಗಳಿಲ್ಲ.

ಪೂರ್ವ ಆಫ್ರಿಕಾದಲ್ಲಿ ಚಿತ್ರ ಬೇರೆ. ಜಗತ್ತಿನ ಹೆಚ್ಚಿನ ಪ್ರಕರಣಗಳು ಈಗ ಸುಡಾನ್, ದಕ್ಷಿಣ ಸುಡಾನ್, ಇಥಿಯೋಪಿಯ, ಕೆನ್ಯಾ, ಸೊಮಾಲಿಯಗಳ ಆ ಪ್ರದೇಶದಿಂದ ಬರುತ್ತಿವೆ. ಅಲ್ಲಿ ಆರ್‌ಕೆ39ರ ಸಂವೇದನೆ ಶೇ 85ರ ಹತ್ತಿರ ಮಾತ್ರ. ಪರಾವಲಂಬಿಯ ತಳಿಭೇದ ಮತ್ತು ರೋಗಿಗಳಲ್ಲಿ ಪ್ರತಿಕಾಯದ ಮಟ್ಟ ಕಡಿಮೆಯಿರುವುದು ಕಾರಣವೆನ್ನಲಾಗಿದೆ. 100 ರೋಗಿಗಳಲ್ಲಿ 15 ಮಂದಿಗೆ ಗೆರೆ ಮೂಡುವುದೇ ಇಲ್ಲ. ಆದ್ದರಿಂದ ಅಲ್ಲಿ ಅನುಮಾನ ಬಲವಾಗಿದ್ದು ಪಟ್ಟಿ ನೆಗೆಟಿವ್ ಬಂದರೆ, ಸೀರಮ್ಮನ್ನು ಹಂತಹಂತವಾಗಿ ತೆಳುಗೊಳಿಸಿ ರಾತ್ರಿಯಿಡೀ ಇಟ್ಟು ಓದುವ ಡಿಎಟಿ ಪರೀಕ್ಷೆಗೋ ಸೂಕ್ಷ್ಮದರ್ಶಕಕ್ಕೋ ಹೋಗಬೇಕು. ಎಚ್‌ಐವಿ ಇರುವವರಲ್ಲಿ ಪ್ರತಿಕಾಯ ಉತ್ಪಾದನೆಯೇ ಕುಗ್ಗಿರುವುದರಿಂದ ಪಟ್ಟಿ ಇನ್ನೂ ಹೆಚ್ಚು ತಪ್ಪುತ್ತದೆ. ಅವರಲ್ಲಿ ಗುಲ್ಮ ಊದದೆಯೂ ಇರಬಹುದು, ಪರಾವಲಂಬಿ ಕರುಳಿನಲ್ಲೋ ಶ್ವಾಸಕೋಶದಲ್ಲೋ ಕಾಣಿಸಬಹುದು. ಕಾಲಾ ಅಜಾರ್ ಪತ್ತೆಯಾದ ಪ್ರತಿಯೊಬ್ಬರಿಗೂ ಎಚ್‌ಐವಿ ಪರೀಕ್ಷೆ ಮಾಡಿಸಬೇಕೆನ್ನುವುದಕ್ಕೆ ಇದೇ ಕಾರಣ.

ಇನ್ನೊಂದು ಗುಂಪು ಜ್ವರವಿಲ್ಲದೆಯೇ ರೋಗವನ್ನು ಹೊತ್ತು ತಿರುಗುತ್ತದೆ. ಭಾರತದಲ್ಲಿ ಕಾಲಾ ಅಜಾರಿನಿಂದ ಗುಣಮುಖರಾದವರಲ್ಲಿ ಶೇ 5ರಿಂದ 10ರಷ್ಟು ಮಂದಿಗೆ ಸಾಮಾನ್ಯವಾಗಿ ಎರಡು ಮೂರು ವರ್ಷಗಳ ನಂತರ ಮುಖ, ತೋಳು ಮತ್ತು ಮೈಮೇಲೆ ಬಿಳಿಚು ಮಚ್ಚೆಗಳು, ಬಾಯಿ ಗದ್ದದ ಸುತ್ತ ಗಂಟುಗಳು ಏಳುತ್ತವೆ. 1922ರಲ್ಲಿ ಕಲ್ಕತ್ತಾದ ಉಪೇಂದ್ರನಾಥ ಬ್ರಹ್ಮಚಾರಿಯವರು ವರ್ಣಿಸಿದ ಈ ಸ್ಥಿತಿಗೆ ಈಗ ಪಿಕೆಡಿಎಲ್, ಅಂದರೆ ಕಾಲಾ ಅಜಾರಿನ ನಂತರ ಬರುವ ಚರ್ಮದ ಲೀಷ್ಮೇನಿಯಾಸಿಸ್, ಎಂಬ ಹೆಸರಿದೆ. ಸುಡಾನಿನಲ್ಲಿ ಇದು ಅರ್ಧದಷ್ಟು ರೋಗಿಗಳಲ್ಲಿ, ತಿಂಗಳುಗಳೊಳಗೇ ಬರುತ್ತದೆ. ಮಚ್ಚೆಯಲ್ಲಿ ನೋವಿಲ್ಲ, ತುರಿಕೆಯಿಲ್ಲ. ತೊನ್ನೆಂದೋ ಕುಷ್ಠವೆಂದೋ ಭಾವಿಸಿ ವರ್ಷಗಟ್ಟಲೆ ಕಳೆಯುತ್ತವೆ. ಹತ್ತಿಯ ಎಳೆಯಿಂದ ಸವರಿದಾಗ ಸ್ಪರ್ಶ ತಿಳಿಯುತ್ತದೆ ಎಂಬುದು ಕುಷ್ಠದಿಂದ ಇದನ್ನು ಬೇರ್ಪಡಿಸುವ ಸುಲಭದ ಗುರುತು. ಗಂಟಿನಿಂದ ತೆಗೆದ ಮಾದರಿಯಲ್ಲಿ ಪರಾವಲಂಬಿ ಸಿಗುತ್ತದೆ, ಚಪ್ಪಟೆ ಮಚ್ಚೆಯಲ್ಲಿ ಬಹಳ ಸಲ ಪಿಸಿಆರ್ ಬೇಕಾಗುತ್ತದೆ. ಇಂಥವರನ್ನು ಕಚ್ಚಿದ ಮರಳು ನೊಣಗಳಿಗೆ ಸೋಂಕು ತಗುಲುವುದು ಪ್ರಯೋಗಗಳಲ್ಲಿ ಸಾಬೀತಾಗಿದೆ. ಉಪಖಂಡದಲ್ಲಿ ಈ ಪರಾವಲಂಬಿಗೆ ಮನುಷ್ಯನೇ ಮುಖ್ಯ ಆಸರೆಯಾದ್ದರಿಂದ, ಆಸ್ಪತ್ರೆಗೆ ಬರಲು ಯಾವ ಕಾರಣವೂ ಇಲ್ಲದ ಈ ಮಚ್ಚೆಯವರನ್ನು ಮನೆಮನೆಗೆ ಹೋಗಿ ಹುಡುಕದಿದ್ದರೆ ಅಂಕಿ ಅಂಶದ ಇಳಿಕೆ ಎಷ್ಟು ಕಾಲ ನಿಲ್ಲುತ್ತದೆಂದು ಹೇಳಲಾಗದು.

ಚಿಕಿತ್ಸೆ ಮುಗಿದ ಮೇಲೂ ಪತ್ತೆಯ ಕೆಲಸ ಮುಗಿಯುವುದಿಲ್ಲ. ಜ್ವರ ಕೆಲವೇ ದಿನಗಳಲ್ಲಿ ಬಿಡುತ್ತದೆ, ಆದರೆ ರೋಗ ಮರುಕಳಿಸಿಲ್ಲವೆಂದು ಖಚಿತಪಡಿಸಿಕೊಳ್ಳಲು ಆರು ತಿಂಗಳು ಕಾಯಬೇಕು. ಆಗ ಮತ್ತೆ ಪಟ್ಟಿ ಹಾಕಿ ನೋಡುವುದರಿಂದ ಪ್ರಯೋಜನವಿಲ್ಲ. ಗುಣಮುಖರಾದವರಿಗೂ ಮರುಕಳಿಸಿದವರಿಗೂ ಅದು ಅದೇ ಎರಡು ಗೆರೆಗಳನ್ನು ತೋರಿಸುತ್ತದೆ. ಆ ದಿನ ವೈದ್ಯರಿಗೆ ನೆರವಾಗುವುದು ತೂಕದ ಚೀಟಿ, ಹಿಮೋಗ್ಲೋಬಿನ್ ಮತ್ತು ಮೊದಲ ಭೇಟಿಯಲ್ಲಿ ಟೇಪು ಹಿಡಿದು ಬರೆದಿಟ್ಟ ಗುಲ್ಮದ ಸೆಂಟಿಮೀಟರ್ ಅಳತೆ. ಅಂದು ಅದನ್ನು ಬರೆದಿಡದಿದ್ದರೆ, ಇಂದು ಬೆರಳಿಗೆ ಸಿಗುವ ನಾಲ್ಕು ಸೆಂಟಿಮೀಟರಿನ ಗುಲ್ಮ ಹತ್ತರಿಂದ ಇಳಿದು ಬಂದದ್ದೋ ಎರಡರಿಂದ ಏರಿದ್ದೋ ಯಾರಿಗೂ ತಿಳಿಯುವುದಿಲ್ಲ.